ಅಸಲಿಯ ಮುಖ, ನಕಲಿಯ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ಪಟ್ಟುಕೊಂಡೇ ಹೊಟ್ಟೆ ಹೊರೆಯುವ ಉದ್ಯೋಗ ಯಾವುದಾದರೂ ಇದ್ದರೆ ಅದು ನನ್ನದು. ಹಾಗಾಗಿ ಮುಂದೆ ಹೇಳುವಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇರುತ್ತವೆ. ಮುಂಬಯಿಯಲ್ಲಿ ಒಬ್ಬ ದೊಡ್ಡ ಹೀರೋ ಇದ್ದಾನೆ. ಹೆಸರು ಹೇಳುವುದಿಲ್ಲ, ಹೇಳಿದರೆ ಅವನಿಗೆ ಇನ್ನಷ್ಟು ಪ್ರಚಾರ ಸಿಕ್ಕೀತು. ಅವನ ಮುಖ ಮತ್ತು ನನ್ನ ಮುಖ ಒಂದೇ ಅಚ್ಚಿನಲ್ಲಿ ತೆಗೆದಂತಿವೆ ಎಂದು ಜನ ಹೇಳುತ್ತಾರೆ. ಕಂಪನಿಗಳು ಡೀಲರ್‌ಗಳನ್ನು ಕರೆದು ಊಟ ಹಾಕಿ ಭಾಷಣ ಮಾಡುವ ಸಮಾರಂಭಗಳಲ್ಲಿ ನಾನು ಅವನ ಹಾಗೆ ಕೂದಲು ಬಿಟ್ಟು, ಅವನ ಹಾಗೆ ಕನ್ನಡಕ ಹಾಕಿ, ಅವನ ಹಾಗೆ ಭುಜ ಕುಣಿಸಿ ನಡೆದು ಬರುತ್ತೇನೆ. ಜನ ಶಿಳ್ಳೆ ಹೊಡೆಯುತ್ತಾರೆ. ಶಿಳ್ಳೆ ಅವನಿಗೆ, ಬೆವರು ನನಗೆ.

ನಮ್ಮ ಧಂದೆಯಲ್ಲಿ ಅವನಂಥವರಿಗೆ ಅಸಲಿ ಎನ್ನುತ್ತಾರೆ, ನನ್ನಂಥವರಿಗೆ ಡುಪ್ಲಿಕೇಟ್. ನಾನು ಗಡಿ ಸೀಮೆಯ ಜತ್ತ ತಾಲೂಕಿನ ಸಂಖದ ಕಡೆಯವನು. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ, ಸ್ಟೇಜಿನ ಮೇಲೆ ಹಿಂದಿ. ಸಣ್ಣಪುಟ್ಟ ಕಾರ್ಯಕ್ರಮ ನೂರೆಂಟು ಬರುತ್ತವೆ, ಹೋಗುತ್ತವೆ. ಆದರೆ ನನ್ನ ಮಾನ ನಿಂತಿರುವುದು ಒಂದರ ಮೇಲೆ. ಗೊಬ್ಬರದ ಕಂಪನಿಯೊಂದು ವರ್ಷಕ್ಕೊಮ್ಮೆ ಸಾಂಗ್ಲಿಯಲ್ಲಿ ದೊಡ್ಡ ಸಮಾರಂಭ ಮಾಡುತ್ತದೆ. ಆ ಸ್ಟೇಜು ನನ್ನದು. ಅಲ್ಲಿ ಯಾರು ಹತ್ತುತ್ತಾರೋ ಅವರೇ ನಮ್ಮ ಕಡೆಯ ಒಂದನೇ ನಂಬರ್ ಡುಪ್ಲಿಕೇಟ್. ಅದು ಕೈಬಿಟ್ಟರೆ ಉಳಿದ ಕಂಪನಿಗಳೂ ಮುಖ ತಿರುಗಿಸುತ್ತವೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇಷ್ಟು ವರ್ಷ ಕುಣಿದರೂ ನನ್ನ ಹೆಂಡತಿ ನನ್ನ ಒಂದೇ ಒಂದು ಕಾರ್ಯಕ್ರಮ ನೋಡಿಲ್ಲ. "ಅಸಲಿ ಟೀವಿಯಾಗ ಪುಕ್ಕಟ ಬರತಾನ, ನಕಲಿ ನೋಡಾಕ ಸಾಂಗ್ಲಿತನಕ ಯಾಕ ಹೋಗಲಿ" ಎನ್ನುತ್ತಾಳೆ. ಅವಳ ಬಾಯಲ್ಲಿ ಒಂದು ಸಲ ಚಲೋ ಎನಿಸಿಕೊಳ್ಳಬೇಕು ಎನ್ನುವುದು ನನ್ನ ಹಠ.

೧. ಬೋಳು ತಲೆಯ ಪ್ರಸಾದ

ಅಸಲಿ ಏನು ಮಾಡಿದರೂ ನಾನು ಮಾಡಬೇಕು, ಇದು ನಮ್ಮ ಧಂದೆಯ ಮೊದಲ ನಿಯಮ. ಅವನು ಗಡ್ಡ ಬಿಟ್ಟರೆ ನನಗೂ ಗಡ್ಡ. ಅವನು ಸೊರಗಿದರೆ ನನ್ನ ತಾಟಿನಿಂದ ಒಂದು ರೊಟ್ಟಿ ಮಾಯ. ಅವನಿಗೆ ಎಣ್ಣೆ ತಿಕ್ಕಲು ಒಬ್ಬ, ಊಟ ಅಳೆದು ಕೊಡಲು ಒಬ್ಬ, ಕೂದಲು ಬಾಚಲು ಒಬ್ಬ. ನನಗೆ ಎಲ್ಲದಕ್ಕೂ ಊರ ಕಟಿಂಗ್ ಅಂಗಡಿಯ ಮುದುಕ ಒಬ್ಬನೇ, ಅವನಿಗೂ ಕಣ್ಣು ಮಂಜು.

ಒಂದು ದಿನ ಪೇಪರಿನಲ್ಲಿ ಅಸಲಿಯ ಹೊಸ ಸಿನಿಮಾದ ಫೋಟೋ ಬಂತು. ತಲೆ ನುಣ್ಣಗೆ ಬೋಳು. ಮರುವಾರ ಸೋಲಾಪುರದಲ್ಲಿ ನನ್ನ ಕಾರ್ಯಕ್ರಮ ಇತ್ತು. ಆ ಕಡೆಯ ಇನ್ನೊಬ್ಬ ಡುಪ್ಲಿಕೇಟ್ ನನಗಿಂತ ಮೊದಲೇ ಬೋಳಿಸಿಕೊಂಡುಬಿಟ್ಟರೆ ಎಂಬ ಸಂಕಟಕ್ಕೆ ಚಹಾ ಕೂಡ ಕುಡಿಯದೆ ಓಡಿದೆ. ಮುದುಕ ಎರಡು ಸಲ ಕೇಳಿದ, "ಖರೇನ ಬೋಳಸಲೇನೋ ತಮ್ಮಾ?" ಬೋಳಿಸು ಎಂದೆ.

ಓಣಿಗೆ ಕಾಲಿಟ್ಟೆ. ಮೊದಲ ಮನೆಯ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ ಎದ್ದು ನಿಂತಳು. "ತಿರುಪತಿಗೆ ಹೋಗಿ ಬಂದಿ, ಒಂದ ಮಾತ ಹೇಳಬಾರದೇನೋ? ಲಾಡು ಎಲ್ಲೈತಿ?"

"ತಿರುಪತಿ ಅಲ್ಲ ಅಮ್ಮಾ, ಸಿನಿಮಾ."

"ಸಿನಿಮಾಕ್ಕ ಯಾರರ ತಲಿ ಬೋಳಸ್ತಾರೇನು? ಪ್ರಸಾದ ಕೊಡಾಕ ಜಿಪುಣತನ ಮಾಡಬ್ಯಾಡ, ದೇವರು ಸಿಟ್ಟಾಗತಾನ."

ಸಂಜೆಯ ಹೊತ್ತಿಗೆ ಇಡೀ ಓಣಿ ನಮ್ಮ ಬಾಗಿಲಲ್ಲಿತ್ತು. ಇಬ್ಬರು ನನ್ನ ಕಾಲಿಗೂ ಬಿದ್ದರು. ಕೊನೆಗೆ ಹೆಂಡತಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕಡಲೆಹಿಟ್ಟಿನ ಲಾಡು ಕಟ್ಟಿ, ಏಲಕ್ಕಿ, ಚಿಟಿಕೆ ಪಚ್ಚಕರ್ಪೂರ ಹಾಕಿ ಹಂಚಿದಳು. ಎಲ್ಲರೂ ಕಣ್ಣು ಮುಚ್ಚಿ ತಿಂದರು. ತಿರುಪತಿ ರುಚಿಯೇ ಬೇರೆ ಎಂದರು.

ಸೋಲಾಪುರದ ಕಾರ್ಯಕ್ರಮ ಮುಗಿಸಿ ಬಂದ ಮರುದಿನ ಟೀವಿಯಲ್ಲಿ ಅಸಲಿಯ ಸಂದರ್ಶನ. ತಲೆ ತುಂಬ ಕೂದಲು. ಬೋಳು ತಲೆಯ ಬಗ್ಗೆ ಕೇಳಿದರೆ ಅವನು ನಕ್ಕು, "ಅದು ರಬ್ಬರಿನ ಟೊಪ್ಪಿಗೆ. ಸಿನಿಮಾಕ್ಕಾಗಿ ತಲೆ ಬೋಳಿಸಿಕೊಳ್ಳಲು ನನಗೇನು ಹುಚ್ಚೇ?" ಎಂದ. ನಾನು ನನ್ನ ತಲೆಯ ಮೇಲೆ ಕೈಯಾಡಿಸಿದೆ. ಹೆಂಡತಿ ಟೀವಿಯಿಂದ ಕಣ್ಣು ತೆಗೆಯದೆ, "ಎಷ್ಟ ಶಾಣ್ಯಾ ಅದಾನ ನೋಡ್ರಿ" ಎಂದಳು.

೨. ಫೇಟಾ ಕಟ್ಟಿದ ಮೇಲೆ

ನಮ್ಮ ಕಡೆ ಸಮಾರಂಭಕ್ಕೆ ಬಂದ ಅತಿಥಿಗೆ ಮೊದಲು ಫೇಟಾ ಕಟ್ಟುತ್ತಾರೆ. ಬಣ್ಣದ ರುಮಾಲು, ಹಿಂದೆ ಬಾಲ, ಮುಂದೆ ತುರಾಯಿ. ಕಾರ್ಯಕ್ರಮ ಮುಗಿಯುವ ತನಕ ಅದನ್ನು ತಲೆಯಿಂದ ತೆಗೆಯುವಂತಿಲ್ಲ. ತೆಗೆದರೆ ಕಟ್ಟಿದವರ ಮಾನ ತೆಗೆದಂತೆ.

ನೀರಾವರಿ ಪೈಪಿನ ಕಂಪನಿಯವರು ಜತ್ತದಲ್ಲಿ ಕಾರ್ಯಕ್ರಮ ಇಟ್ಟಿದ್ದರು. ಅಷ್ಟರಲ್ಲಿ ನನ್ನ ಕೂದಲು ಅಸಲಿಯದಷ್ಟೇ ಉದ್ದ ಬೆಳೆದಿತ್ತು. ಬೆಳಗಿನಿಂದ ಕೂತು ಹಣೆಯ ಮೇಲೆ ಅವನ ಹಾಗೆ ಸುರುಳಿ ಮಾಡಿಕೊಂಡಿದ್ದೆ. ಕಾರಿನಿಂದ ಇಳಿದದ್ದೇ ತಡ, ಫೇಟಾದವನು ಹಿಡಿದ. ಕೆಲಸದಲ್ಲಿ ಗಟ್ಟಿಗ. ಹುಬ್ಬಿನ ತನಕ ಎಳೆದು ಬಿಗಿದ. ಸುರುಳಿ ಒಳಗೆ ಹೋಯಿತು. ಕನ್ನಡಕ ಕೂಡುತ್ತಿಲ್ಲ ಎಂದು ಅದನ್ನೂ ತೆಗೆದು ನನ್ನ ಜೇಬಿಗೆ ಹಾಕಿದ. ಕನ್ನಡಿಯಲ್ಲಿ ನೋಡಿಕೊಂಡರೆ ಅಸಲಿಯೂ ಇಲ್ಲ, ಡುಪ್ಲಿಕೇಟೂ ಇಲ್ಲ. ಮುಂದಿನ ಸಾಲಿನಲ್ಲಿ ಕೂತು ಗೋಡಂಬಿ ತಿನ್ನುವ ಯಾವನೋ ಪುಢಾರಿ ಇದ್ದ.

ಕೂತ ಗಳಿಗೆಗೆ ಒಬ್ಬ ರೈತ ಬಂದು ಕೈಮುಗಿದ. "ಸಾಹೇಬ್ರ, ನಮ್ಮ ವಸ್ತಿ ಮ್ಯಾಲಿನ ಕರೆಂಟ್ ಡಿಪಿ ಸುಟ್ಟು ಭಾಳ ದಿವಸ ಆತು. ಬಾವ್ಯಾಗ ನೀರೈತಿ, ಮೋಟರ್ ತಿರಗೂದಿಲ್ಲ."

"ನಾ ಪುಢಾರಿ ಅಲ್ಲರಿ. ಹೀರೋನ ಡುಪ್ಲಿಕೇಟ್ ಅದೀನಿ."

"ಎಲ್ಲಾರೂ ಹಿಂಗ ಏನರ ಹೇಳಿ ತಪ್ಪಿಸ್ಕೋತಾರ್ರಿ" ಎಂದು ಅಲ್ಲೇ ನಿಂತ.

ಅವನನ್ನು ಕಳಿಸಲು ಬೇರೆ ದಾರಿ ಕಾಣದೆ ಭುಜದ ಮೇಲೆ ಕೈಯಿಟ್ಟು, ಕೆಲಸ ಆಗಿಯೇ ಹೋಗುತ್ತದೆ ಎನ್ನುವಂತೆ ಅಸಲಿಯ ಗಡಸು ದನಿಯಲ್ಲಿ "ಹೋ ಜಾಯೇಗಾ" ಎಂದೆ. ಆಮೇಲೆ ಸ್ಟೇಜಿಗೆ ಹತ್ತಿ ಭುಜ ಕುಣಿಸಿದೆ, ನಡೆದೆ, ತಿರುಗಿದೆ. ಒಂದು ಶಿಳ್ಳೆ ಬರಲಿಲ್ಲ. ಭಾಷಣಕ್ಕೆ ತಟ್ಟುವ ಹಾಗೆ ಮೆಲ್ಲಗೆ ಚಪ್ಪಾಳೆ ತಟ್ಟಿದರು.

ಕೆಲವು ದಿನಗಳಲ್ಲಿ ಆ ಹೊಲದ ವಸ್ತಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ಬರುವ ಕಾಲ ಬಂದಿತ್ತು, ಬಂತು, ನನ್ನದೇನೂ ಇಲ್ಲ. ರೈತ ಮನೆ ಹುಡುಕಿಕೊಂಡು ಹಾರ, ತೆಂಗಿನಕಾಯಿ ತಂದ. "ಮುಂದಿನ ಇಲೆಕ್ಷನ್‌ಕ ನೀವ ನಿಲ್ರಿ."

ಮತ್ತೆ ಹೇಳಿದೆ, ನಾನು ಬರೀ ಡುಪ್ಲಿಕೇಟ್ ಎಂದು. ಅವನು ಹಾರ ಹಾಕುತ್ತ ಹೇಳಿದ, "ಇರಲಿ ಬಿಡ್ರಿ. ಅಸಲಿಗೋಳ್ನ ಭಾಳ ನೋಡೇವಿ."

೩. ಯಾರದೋ ಹರಕೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆ ಎಮ್ಮೆ ನಾನು.

ಅಸಲಿಗೆ ಮೂತ್ರಪಿಂಡದಲ್ಲಿ ಹರಳಾಗಿದೆ, ಆಸ್ಪತ್ರೆಗೆ ಸೇರಿದ್ದಾನೆ ಎಂದು ಸುದ್ದಿ ಬಂತು. ನಮ್ಮ ಮನೆಯಲ್ಲಿ ಒಲೆ ಸಪ್ಪಗಾಯಿತು. ಅದೇ ವಾರ ನನಗೂ ಜ್ವರ ಬಂದಿತ್ತು. ನನ್ನ ಹಣೆ ಮುಟ್ಟಿ ನೋಡಿ, "ಗುಳಿಗಿ ತಗೊಂಡು ಬಿದ್ಕೋರಿ" ಎಂದ ಹೆಂಡತಿ, ಟೀವಿಯ ಮುಂದೆ ಕೈಮುಗಿದು ಕೂತಿದ್ದಳು. "ದಾನಮ್ಮ ತಾಯಿ, ಇಂವ ಎದ್ದು ಕುಂತ್ರ ಗುಡ್ಡಾಪುರಕ್ಕ ನಡಕೊಂಡು ಬರತೀನಿ" ಎಂದು ಹರಕೆ ಹೊತ್ತಳು. ಗುಡ್ಡಾಪುರದ ದೇವಿ ದಾನಮ್ಮ ದೊಡ್ಡವಳು; ಯಾರ ಹರಕೆ, ಯಾರಿಗಾಗಿ ಎಂದು ನೋಡುವುದಿಲ್ಲ. ಅಸಲಿ ಎದ್ದು ಕೂತ.

ಹೆಂಡತಿಯನ್ನು ಒಬ್ಬಳೇ ಕಳಿಸುವುದು ಹೇಗೆ? ಬುತ್ತಿ ಗಂಟು ಹೊತ್ತು ನಾನೂ ನಡೆದೆ, ಬರಿಗಾಲಲ್ಲಿ. ಬಿಸಿಲಿಗೆ ಕಲ್ಲು ಕಾದು ಕಾಲು ಚುರುಗುಟ್ಟುತ್ತಿದ್ದವು. ದಾರಿಯುದ್ದಕ್ಕೂ ಅವಳು ಅಸಲಿಯ ಗುಣಗಾನ ಮಾಡಿದಳು. ಆ ಹರಳು ಅಷ್ಟು ಬೇಗ ಬಿದ್ದದ್ದೇಕೆ ಎಂದು ಕೂಡ ಅನಿಸಿತು, ಸುಳ್ಳು ಯಾಕೆ ಹೇಳಲಿ.

ಗುಡಿಯಲ್ಲಿ ಪಕ್ಕಕ್ಕೆ ನಿಂತಿದ್ದ ಮುತ್ತೈದೆಯೊಬ್ಬಳು ಕೇಳಿದಳು, "ಯಾರ ಸಲುವಾಗಿ ಹರಕಿ ಹೊತ್ತಿದ್ದೆವ್ವಾ?"

ಪರಪುರುಷನ ಸಲುವಾಗಿ ಎಂದು ಗುಡಿಯೊಳಗೆ ಹೇಳುವುದುಂಟೇ? ಹೆಂಡತಿ ನನ್ನ ಕಡೆ ಬೆರಳು ಮಾಡಿ, "ಇವ್ರಿಗೆ ಹರಳಾಗಿತ್ತರಿ" ಎಂದಳು. ಆ ತಾಯಿ ಮರುಗಿ ಮರುಗಿ ಹೋದಳು. ಕೈತುಂಬ ವಿಭೂತಿ ತಂದು ನನ್ನ ಹಣೆಗೆ, ಎದೆಗೆ, ಸೊಂಟದ ಎರಡೂ ಬದಿಗೆ ಬಳಿದಳು. ಇನ್ನು ಮೇಲೆ ಟೊಮ್ಯಾಟೊ ಮುಟ್ಟಬಾರದು ಎಂದು ದೇವಿಯ ಎದುರಿನಲ್ಲೇ ನನ್ನಿಂದ ಮಾತು ತೆಗೆದುಕೊಂಡಳು. ಹರಳು ಅವನದು, ಟೊಮ್ಯಾಟೊ ಬಿಟ್ಟವನು ನಾನು.

೪. ಒಬ್ಬನಾದರೂ ಸಿಕ್ಕನಲ್ಲ

ಜೀವಮಾನದಲ್ಲಿ ಒಂದೇ ಸಲ ನನ್ನ ಮೇಲೂ ಒಬ್ಬರು ಹೊಟ್ಟೆಕಿಚ್ಚು ಪಟ್ಟರು. ಅದನ್ನು ಹೇಳದೆ ಬಿಡುವ ಉದಾರಿ ನಾನಲ್ಲ.

ಕೊಲ್ಹಾಪುರದಲ್ಲಿ ಬೀಜದ ಕಂಪನಿಯ ಕಾರ್ಯಕ್ರಮ. ನಾನು ಬಂದೆ, ನಡೆದೆ, ಕನ್ನಡಕ ತೆಗೆದು ಗಾಳಿಯಲ್ಲಿ ತಿರುಗಿಸಿ ಹಾಕಿಕೊಂಡೆ. ಕಂಪನಿಯ ಮಾಲಕರ ಹೆಂಡತಿ ಮುಂದಿನ ಸಾಲಿನಿಂದ ಎದ್ದು ಬಂದು ಒಂದು ಫೋಟೋ ಎಂದರು. ಆಮೇಲೆ ಇನ್ನೊಂದು ಎಂದರು. ಆಮೇಲೆ ಗಂಡನ ಕೈಗೇ ಮೊಬೈಲ್ ಕೊಟ್ಟು, ನಮ್ಮಿಬ್ಬರದು ತೆಗೆಯಿರಿ ಎಂದರು. ಮಾಲಕರು ತೆಗೆದರು. ಅವರ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. ನನಗೆ ಎದೆ ಉಬ್ಬಿತು. ಇಷ್ಟು ವರ್ಷ ನಾನು ಉರಿದ ಉರಿಯಲ್ಲಿ ಒಂದು ಕೊಳ್ಳಿಯನ್ನಾದರೂ ಇನ್ನೊಬ್ಬರ ಹೊಟ್ಟೆಗೆ ದಾಟಿಸಿದೆನಲ್ಲ.

ಊಟದ ಹೊತ್ತಿಗೆ ಮಾಲಕರು ನನ್ನನ್ನು ಬದಿಗೆ ಕರೆದರು. ಬೈಯುತ್ತಾರೆ ಎಂದುಕೊಂಡೆ. ಸುತ್ತ ನೋಡಿ, ದನಿ ಇಳಿಸಿ ಮರಾಠಿಯಲ್ಲಿ ಕೇಳಿದರು, "ಆ ಕನ್ನಡಕ ತಿರುಗಿಸುವುದನ್ನು ನನಗೆ ಕಲಿಸುತ್ತೀರಾ?"

ಕಲಿಸಿದೆ. ಮರುವರ್ಷ ಆ ಕಾರ್ಯಕ್ರಮಕ್ಕೆ ನನ್ನನ್ನು ಕರೆಯಲಿಲ್ಲ. ಸ್ಟೇಜಿನ ಮೇಲೆ ಮಾಲಕರೇ ಹತ್ತಿದರಂತೆ.

೫. ಸನಮಡಿಯ ಮುಖ

ಸಾಂಗ್ಲಿಯ ಸ್ಟೇಜು ನನ್ನದು ಎಂದೆನಲ್ಲ, ಆ ಗೊಬ್ಬರದ ಕಂಪನಿಗೆ ಜತ್ತದಲ್ಲಿ ಒಬ್ಬ ಆಫೀಸರ್ ಇದ್ದಾನೆ. ಅವನು ಹತ್ತಿರದ ಸನಮಡಿ ಎಂಬ ಊರಿನಲ್ಲಿ ರೈತರ ಮೇಳಾವ, ಅಂದರೆ ದೊಡ್ಡ ಸಭೆ, ಇಟ್ಟು ನನ್ನನ್ನು ಕರೆದುಕೊಂಡು ಹೋದ. ಕಾರು ನಿಂತಿತು. ನಾನು ಬಾಗಿಲು ತೆಗೆದು, ಒಂದು ಕಾಲು ಹೊರಗಿಟ್ಟು, ಅಸಲಿಯ ಹಾಗೆ ನಿಧಾನಕ್ಕೆ ತಲೆ ಎತ್ತಿದೆ. ಈ ತಲೆ ಎತ್ತುವುದಕ್ಕೇ ಬೇರೆ ಊರುಗಳಲ್ಲಿ ಜನ ಕಿರುಚುತ್ತಾರೆ.

ಇಲ್ಲಿ ಒಬ್ಬ ಮುದುಕಿ ಹತ್ತಿರ ಬಂದು ಬೈದಳು. "ಲೇ, ಕುರಿ ಯಾರ ಕೈಯಾಗ ಬಿಟ್ಟು ಬಂದಿ? ಇದೇನ ವೇಷ?"

ಹಿಂದಿದ್ದವರು ನಕ್ಕರು. "ಅಂವ ಅಲ್ಲ ಆಯಿ, ಇವ್ರು ಬ್ಯಾರೆ. ಆದ್ರ ಹುಬೇಹೂಬ ಅವನಂಗ ಅದಾರ ನೋಡು."

ನಾನು ಸ್ಟೇಜಿನ ಮೇಲೆ ಜೀವ ಹಾಕಿ ಕುಣಿದೆ. ಕೆಳಗೆ ಜನ ಮೊಬೈಲ್ ಎತ್ತಿ ಫೋಟೋ ತೆಗೆದದ್ದೇ ತೆಗೆದದ್ದು. ಮೊದಲು ಖುಷಿಯಾಯಿತು. ಆಮೇಲೆ ಗೊತ್ತಾಯಿತು, ಆ ಫೋಟೋಗಳೆಲ್ಲ ಊರಿನ ಒಬ್ಬ ಕುರಿಗಾಹಿಗೆ ಹೋಗುತ್ತಿದ್ದವು. "ನಿನ್ನ ಡುಪ್ಲಿಕೇಟ್ ಬಂದಾನ, ಲಗೂನ ಬಾ" ಎಂದು.

ಅವನು ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಬಗಲಲ್ಲಿ ಆಗತಾನೆ ಹುಟ್ಟಿದ ಕುರಿಮರಿ. ನೋಡಿದೆ, ನನ್ನ ಜೀವ ಹಾರಿತು. ನಾನು ಕನ್ನಡಿಯ ಮುಂದೆ ವರ್ಷಗಟ್ಟಲೆ ತಿದ್ದಿ ತೀಡಿದ್ದು ಅವನಿಗೆ ತಾನಾಗಿ ಇತ್ತು. ನಾನು ಬಿಸಿ ಕಬ್ಬಿಣ ಹಿಡಿದು ಮಾಡಿಕೊಳ್ಳುವ ಸುರುಳಿ ಅವನ ಹಣೆಯ ಮೇಲೆ ಗಾಳಿಗೆ ಹಾರುತ್ತಿತ್ತು. ಆ ದವಡೆ, ಆ ಅರ್ಧ ನಗು, ಎಲ್ಲ. ದೇವರು ಒಂದು ಮುಖವನ್ನು ಮುಂಬಯಿಗೆ ಕೊಟ್ಟ, ಸರಿ. ಅದರ ಪಕ್ಕಾ ನಕಲನ್ನು ಕುರಿಗಳ ನಡುವೆ ಒಗೆದು, ಕಚ್ಚಾ ನಕಲನ್ನು ನನಗೆ ಯಾಕೆ ಕೊಟ್ಟ?

ಆಫೀಸರ್ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದ. ಆ ನೋಟ ನನಗೆ ಹಿಡಿಸಲಿಲ್ಲ.

ಮಾತಿಗೆ ಏನಾದರೂ ಬೇಕಲ್ಲ ಎಂದು ನಾನೇ ಕೇಳಿದೆ, "ಆ ಹೀರೋನ ಸಿನಿಮಾ ನೋಡೀಯೇನು?"

"ಒಂದ ನೋಡೀನ್ರಿ ಅಣ್ಣಾರ."

"ಹೆಂಗ ಅನಸ್ತು?"

ಅವನು ಮರಿಯನ್ನು ಈ ಬಗಲಿಂದ ಆ ಬಗಲಿಗೆ ಬದಲಾಯಿಸಿ, ಸ್ವಲ್ಪ ಯೋಚಿಸಿ ಹೇಳಿದ, "ನನ್ನಂಗ ಅದಾನ ಅಂತಾರ್ರಿ. ಪಾಪ."

೬. ಕಂಬಳಿ ಹೊದ್ದು ಕೂತವನು

ಆ ವರ್ಷ ಸಾಂಗ್ಲಿಯ ಸಮಾರಂಭಕ್ಕೆ ನನಗೆ ಕರೆ ಬರಲಿಲ್ಲ.

ಕಾಯ್ದೆ. ನೋಡಿದೆ. ಕೊನೆಗೆ ನಾನೇ ಆಫೀಸರ್‌ಗೆ ಫೋನ್ ಹಚ್ಚಿದೆ. ಅವನು ತಡವರಿಸಿದ. ಕಂಪನಿ ಈ ವರ್ಷ ಕುರಿ ಗೊಬ್ಬರವನ್ನು ಚೀಲದಲ್ಲಿ ತುಂಬಿ ಮಾರಲು ಹೊರಟಿದೆಯಂತೆ. ನಮ್ಮ ಹೊಲಗಳಲ್ಲಿ ಕುರಿ ಕೂಡಿಸಿ ಹಿಕ್ಕೆ ಬೀಳಿಸಿಕೊಳ್ಳುವುದು ಅಜ್ಜನ ಕಾಲದಿಂದ ಇದೆ. ಪುಣೆಯ ದೊಡ್ಡ ಸಾಹೇಬರಿಗೆ ಅದು ಈಗ ಗೊತ್ತಾಗಿದೆ. ಹಾಗಾಗಿ ಹೀರೋ ಬೇಡ, ಸ್ಟೇಜಿನ ಮೇಲೆ ಒಬ್ಬ ಖರೇ ಕುರಿಗಾಹಿಯನ್ನು ಕೂಡಿಸಿ ಸತ್ಕಾರ ಮಾಡೋಣ ಎಂದಿದ್ದಾರೆ.

"ಯಾರನ್ನ ಕರದೀರಿ?" ಎಂದೆ, ಉತ್ತರ ಗೊತ್ತಿದ್ದೂ.

"ಸನಮಡಿಯವನ್ನರಿ. ಮುಖ ಚಲೋ ಐತಿ. ಬ್ಯಾನರ್ ಮ್ಯಾಲೆ ಫೋಟೋನೂ ಹಾಕಿಸೇವಿ."

ಅನ್ನ ಸೇರಲಿಲ್ಲ. ಮುಂಬಯಿಯವನು ದೂರದಲ್ಲಿದ್ದಾನೆ, ಅವನ ಮೇಲೆ ಉರಿದರೆ ಒಂದು ಮರ್ಯಾದೆಯಾದರೂ ಇದೆ. ಇವನು ಪಕ್ಕದ ಊರಿನವನು. ಸ್ಟೇಜು ಬೇಕು ಎಂದು ಕೇಳಿದವನೂ ಅಲ್ಲ. ಕೇಳದವನಿಗೆ ಕರೆದು ಕೊಟ್ಟರು ಎನ್ನುವುದೇ ಹೆಚ್ಚು ಉರಿಸಿತು.

ನಾಳೆ ಸಮಾರಂಭ ಎನ್ನುವಾಗ ಆಫೀಸರ್ ನಮ್ಮ ಮನೆಗೆ ಓಡೋಡಿ ಬಂದ. ಮುಖದಲ್ಲಿ ರಕ್ತವಿಲ್ಲ. ಕುರಿಗಾಹಿ ಇಲ್ಲ. ಮೇವು ತೀರಿತೆಂದು ಕುರಿ ಹೊಡೆದುಕೊಂಡು ಕೃಷ್ಣಾ ನದಿಯ ದಂಡೆಗೆ ಹೊರಟುಹೋಗಿದ್ದಾನೆ. ಫೋನ್ ಹತ್ತುವುದಿಲ್ಲ. ಅವರ ಮನೆಯವರನ್ನು ಕೇಳಿದರೆ, "ಕುರಿಗೆ ಹಸಿವಾದ್ರ ಸಮಾರಂಭ ಮುಗೀಲಿ ಅಂತ ಕಾಯತಾವೇನ್ರಿ?" ಎಂದಿದ್ದಾರೆ.

"ಬ್ಯಾನರ್ ಏರಿಸ್ಯಾರ್ರಿ. ಸಾಹೇಬ್ರು ಪುಣೆ ಬಿಟ್ಟಾರ. ಆ ಮುಖ ಇಲ್ಲಂದ್ರ ನನ್ನ ನೌಕರಿ ಉಳಿಯೂದಿಲ್ಲ. ಆ ಮುಖ ಇನ್ನೊಬ್ರ ಹಂತೇಕ ಇದ್ರ ಅದು ನಿಮ್ಮ ಹಂತೇಕ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಾ ಹೀರೋನ ಡುಪ್ಲಿಕೇಟ್ ಅದೀನಿ. ಕುರಿ ಕಾಯಾಂವನ ಡುಪ್ಲಿಕೇಟ್ ಆಗೂದಿಲ್ಲ."

ಅಡುಗೆಮನೆಯಿಂದ ಹೆಂಡತಿ ಹೇಳಿದಳು, "ಆಗ್ರಿ. ಆ ಸ್ಟೇಜ್ ಮ್ಯಾಲೆ ನಿಮ್ಮ ಕಾಲಾದ್ರೂ ಉಳೀತಾವ."

ಅವಳು ಹೇಳಿದ್ದು ಸರಿ ಇತ್ತು. ಅದಕ್ಕೂ ಮಿಗಿಲಾಗಿ, ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದು, "ನಾನೂ ಬರತೀನಿ. ನಿಮಗ ಕಂಬಳಿ ಹೊದಿಯಾಕ ಬರೂದಿಲ್ಲ" ಎಂದಳು. ಇಷ್ಟು ವರ್ಷ ಹೀರೋ ಆಗಿ ಕರೆದರೂ ಬಾರದವಳು ಕುರಿಗಾಹಿಯಾಗಿ ಹೊರಟ ಕೂಡಲೇ ಬಂದಳು. ಅದೂ ಒಂದು ಉರಿ.

ಸಾಂಗ್ಲಿಯ ಹಾಲ್‌ನಲ್ಲಿ ಹೆಂಡತಿಯೇ ಧೋತರ ಸರಿಮಾಡಿ, ಹೆಗಲಿಗೆ ಹಳೆ ಕಂಬಳಿ ಹಾಕಿ, ಹಣೆಗೆ ಅರಿಶಿನದ ಭಂಡಾರ ಹಚ್ಚಿ ಕಳಿಸಿದಳು. ತಾನು ಹಿಂದಿನ ಸಾಲಿನಲ್ಲಿ ಹೋಗಿ ಕೂತಳು. ನಾನು ಸ್ಟೇಜಿನ ಮೇಲೆ ಕೈಕಟ್ಟಿ ಕೂತೆ. ನನ್ನ ಹಿಂದೆ ಬ್ಯಾನರಿನಲ್ಲಿ ಸನಮಡಿಯವನು ನನಗಿಂತ ಚೆಂದ ಕಾಣುತ್ತಿದ್ದ.

ದೊಡ್ಡ ಸಾಹೇಬರು ನನಗೆ ಹೊಸ ಕಂಬಳಿ ಹೊದಿಸಲು ಬಂದವರು ಮುಖ ನೋಡಿ ನಿಂತುಬಿಟ್ಟರು. ಸಿಕ್ಕಿಬಿದ್ದೆ ಎಂದುಕೊಂಡೆ. ಕೆಳಗೆ ಆಫೀಸರ್ ಕಣ್ಣು ಮುಚ್ಚಿಕೊಂಡ. ಆದರೆ ಸಾಹೇಬರು ಮೈಕಿನಲ್ಲಿ ಮರಾಠಿಯಲ್ಲಿ ಹೇಳಿದರು, "ಈ ಮನುಷ್ಯನ ಮುಖ ನೋಡಿ. ಆ ದೊಡ್ಡ ಹೀರೋ ಇದ್ದಾನಲ್ಲ, ಥೇಟ್ ಅವನೇ. ಇಂಥ ರತ್ನ ಕುರಿಗಳ ಹಿಂದೆ ಅಡಗಿತ್ತು."

ಹಾಲ್‌ನಲ್ಲಿ ಗುಸುಗುಸು ಎದ್ದಿತು. ಸಾಹೇಬರು ನನ್ನ ಬೆನ್ನು ತಟ್ಟಿ, "ಅವನ ಹಾಗೆ ಒಂದು ಸಲ ನಡೆದು ತೋರಿಸಪ್ಪಾ" ಎಂದರು.

ನನ್ನ ಫಜೀತಿ ಯಾರಿಗೂ ಬೇಡ. ಆ ನಡಿಗೆಯನ್ನು ಅದೇ ಸ್ಟೇಜಿನ ಮೇಲೆ ವರ್ಷ ವರ್ಷ ನಡೆದವನು ನಾನು. ಸರಿಯಾಗಿ ನಡೆದರೆ ಗುರುತು ಸಿಕ್ಕಿ ಸಾಯುತ್ತೇನೆ. ಅದಕ್ಕೆ ತಪ್ಪಾಗಿ ನಡೆದೆ. ಭುಜ ಕುಣಿಸಲಿಲ್ಲ. ಮುಳ್ಳಿನ ನಡುವೆ ತಪ್ಪಿಸಿಕೊಂಡ ಮರಿ ಹುಡುಕುವವನ ಹಾಗೆ ನೆಲ ನೋಡುತ್ತ ಈ ತುದಿಯಿಂದ ಆ ತುದಿಗೆ ಹೋಗಿ, ಅಲ್ಲಿ ಏನು ಮಾಡಬೇಕೆಂದು ತಿಳಿಯದೆ ಕಂಬಳಿ ಝಾಡಿಸಿ ವಾಪಸು ಬಂದೆ.

ಹಾಲ್ ಸಿಡಿಯಿತು. ಅಂಥ ಶಿಳ್ಳೆಯನ್ನು ನಾನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ.

"ಅವನ ಹಾಗೆ ಏನಾದರೂ ಮಾತಾಡು" ಎಂದರು ಸಾಹೇಬರು.

ಹಿಂದಿ ಬಾಯಿಗೆ ಬಂದರೆ ಕೆಟ್ಟೆ. ಹೆದರಿ ಹೆದರಿ ನಮ್ಮ ಮಾತಿನಲ್ಲೇ ಹೇಳಿದೆ, "ಸಾಹೇಬ್ರ, ನನ್ನ ಬಿಡ್ರಿ. ಕುರಿಗೆ ನೀರ ಕುಡಸೂದೈತಿ."

ಡೀಲರ್‌ಗಳು ಕುರ್ಚಿಯ ಮೇಲೆ ಹತ್ತಿ ನಿಂತು ಚಪ್ಪಾಳೆ ಹೊಡೆದರು. ಪ್ರತಿ ವರ್ಷ ನನ್ನ ಜೊತೆ ಫೋಟೋ ತೆಗೆಸಿಕೊಂಡವರು ಎಲ್ಲರಿಗಿಂತ ಜೋರಾಗಿ ಹೊಡೆದರು. ಸಾಹೇಬರು ಮೈಕ್ ಹಿಡಿದು, "ಇದಕ್ಕೆ ಸಹಜ ಅನ್ನುತ್ತಾರೆ. ಪ್ರತಿ ವರ್ಷ ಒಬ್ಬ ಡುಪ್ಲಿಕೇಟ್ ಬರುತ್ತಿದ್ದ. ಭುಜ ಒಂದು ಕಡೆ, ಕತ್ತು ಒಂದು ಕಡೆ. ಬರೀ ನಾಟಕ. ಇನ್ನು ಮುಂದೆ ಪ್ರತಿ ವರ್ಷ ನಮ್ಮ ಸ್ಟೇಜಿಗೆ ಇವನೇ ಹೀರೋ" ಎಂದು ಘೋಷಿಸಿದರು. ಪಕ್ಕದಲ್ಲಿದ್ದ ಹಳೆಯ ಡೀಲರ್ ಒಬ್ಬ ನನ್ನ ಕಿವಿಯಲ್ಲಿ, "ಅಂವ ಭಾಳ ತಲಿ ತಿಂತಿದ್ದ ನೋಡಪಾ" ಎಂದ. ನಾನು ಹೌದು ಹೌದು ಎಂದು ತಲೆಯಾಡಿಸಿದೆ. ಇನ್ನೇನು ಮಾಡಲಿ?

ಕೆಳಗಿಳಿದ ಮೇಲೆ ಆಫೀಸರ್ ಕೈಹಿಡಿದು ಕಣ್ಣೀರು ಹಾಕಿದ. ಅವನ ನೌಕರಿ ಉಳಿದಿತ್ತು. ನನ್ನದು ಉಳಿಯಿತೋ ಹೋಯಿತೋ ನನಗೆ ತಿಳಿಯಲಿಲ್ಲ. ಆ ಸ್ಟೇಜಿನಿಂದ ನನ್ನನ್ನು ಓಡಿಸಿದವನು ನಾನೇ, ಅಲ್ಲಿ ಹತ್ತಿ ಕೂತವನೂ ನಾನೇ.

ತಿರುಗಿ ಬರುವಾಗ ಜೀಪಿನಲ್ಲಿ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ತನ್ನಷ್ಟಕ್ಕೆ ನಗುತ್ತಿದ್ದಳು. ಮೀರಜ ದಾಟಿದ ಮೇಲೆ ತಡೆಯಲಾಗದೆ ಕೇಳಿದೆ, "ಹೆಂಗಾತು?"

"ಭಾಳ ಚಲೋ ಆತ್ರಿ" ಎಂದಳು. ಆ ಒಂದು ಮಾತಿಗೆ ಎಷ್ಟು ವರ್ಷ ಕಾದಿದ್ದೆ. ನಾನು ನೆಟ್ಟಗೆ ಕೂತೆ.

ಅವಳು ಮುಂದುವರಿಸಿದಳು, "ಆ ಕುರಿ ಕಾಯಾಂವ ಏನ್ ನಡದಾ, ಏನ್ ಮಾತಾಡಿದಾ. ಅಸಲಿನೂ ಅವನ ಮುಂದ ಏನಿಲ್ಲ ಬಿಡ್ರಿ."

"ಅಂವ ನಾನ ಅಲ್ಲೇನ?"

"ಅದಕ್ಕ ಹೇಳಾಕತ್ತೀನಿ. ನೀವೂ ಅವನ ಕಡಿಂದ ಒಂದೀಟ ಕಲೀರಿ."

ಮುಂಬಯಿಯವನ ಮೇಲೆ ಉರಿದದ್ದಾಗಿತ್ತು, ಸನಮಡಿಯವನ ಮೇಲೆ ಉರಿದದ್ದಾಗಿತ್ತು. ಈಗ ಸನ್ಮಾನದ ಹೊಸ ಕಂಬಳಿ ಹೊದ್ದು ಕೂತು, ಆ ಕಂಬಳಿಯೊಳಗೆ ಕೂತವನ ಮೇಲೆಯೇ ದಾರಿಯುದ್ದಕ್ಕೂ ಉರಿಯುತ್ತ ಬಂದೆ.